ದಿನಾ ಇಳಿಯುತ್ತಿದ್ದ ಬಾಯ್ಲರಿನ ಸೂಜಿ

1992ರ ಡಿಸೆಂಬರ್. ನಾನು ಒಮಾನಿನಲ್ಲಿದ್ದೆ. ಆ ಚಳಿಗಾಲವಿಡೀ ಮನೆ ಬಿಸಿ ಮಾಡುವ ಒಂದು ಬಾಯ್ಲರಿನ ಜೊತೆ ಒದ್ದಾಡಿದೆ ಎಂದರೆ ನಮ್ಮ ಊರಿನವರು ಯಾರೂ ನಂಬುವುದಿಲ್ಲ. "ಗಲ್ಫಿನಲ್ಲಿ ಹೀಟರಾ? ಬಿಡು ಮಾರಾಯಾ" ಎಂದು ನಗುತ್ತಾರೆ. ಅವರ ತಪ್ಪಲ್ಲ. ಮಸ್ಕತ್‌ನಲ್ಲಿ ಚಳಿಗಾಲ ಎಂದರೆ ಏಸಿ ಬಂದ್ ಮಾಡಿ ಫ್ಯಾನ್ ಹಾಕುವುದು, ಅಷ್ಟೇ. ಆದರೆ ಅದೇ ದೇಶದಲ್ಲಿ ಜಬಲ್ ಅಖ್ದರ್ ಎಂಬ ಬೆಟ್ಟವಿದೆ. ಅದರ ಮೇಲಿನ ಸೈಕ್ ಎಂಬ ಊರಿನಲ್ಲಿ ಜನವರಿಯ ಬೆಳಿಗ್ಗೆ ಬಕೆಟಿನ ನೀರಿನ ಮೇಲೆ ಗಾಜಿನ ಹಾಗೆ ಮಂಜುಗಡ್ಡೆ ಕಟ್ಟಿರುತ್ತದೆ. ಅದನ್ನು ಮೊದಲ ಸಲ ನೋಡಿದಾಗ ಯಾರೋ ಬಕೆಟಿಗೆ ಪ್ಲಾಸ್ಟಿಕ್ ಮುಚ್ಚಿದ್ದಾರೆ ಎಂದುಕೊಂಡು ಉಗುರಿನಿಂದ ಎಬ್ಬಿಸಲು ನೋಡಿದವನು ನಾನು.

ನಾನು ಒಂದು ಕಂಟ್ರಾಕ್ಟಿಂಗ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ವಾಸ ಮಸ್ಕತ್‌ನ ವಾದಿ ಕಬೀರಿನ ಗ್ಯಾರೇಜುಗಳ ಹಿಂದೆ, ನಾಲ್ವರಿಗೆ ಒಂದು ಕೋಣೆ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಹೆಂಡತಿ ಹಿಲ್ಡಾ ಬೆಳ್ಮಣ್ಣಿನ ಹತ್ತಿರ ನಮ್ಮ ಮನೆಯಲ್ಲಿ, ನನ್ನ ಅಪ್ಪ ಅಮ್ಮ ಮತ್ತು ಮಗಳು ಪ್ರೀಮಾಳ ಜೊತೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ನಾವಿಬ್ಬರು ನಿಜವಾಗಿ ಒಟ್ಟಿಗೆ ಇದ್ದ ದಿನಗಳನ್ನು ಕೂಡಿಸಿ ನೋಡುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಸ್ಟೋರಿನಲ್ಲಿ ದಿನವಿಡೀ ಕೂಡಿಸುವ ಕೆಲಸವೇ ಆದರೂ ಅದೊಂದನ್ನು ಕೂಡಿಸಲಿಲ್ಲ. ನನ್ನ ಹುದ್ದೆಗೆ ಫ್ಯಾಮಿಲಿ ವೀಸಾ ಇರಲಿಲ್ಲ.

ನನ್ನ ಸ್ವಭಾವದ ಬಗ್ಗೆಯೂ ಹೇಳಬೇಕು. ನಾನು ಚಿಂತೆ ಮಾಡುವವನು. ಬಾಗಿಲಿಗೆ ಬೀಗ ಹಾಕಿ ಮೂರು ಹೆಜ್ಜೆ ಹೋಗಿ ವಾಪಸ್ ಬಂದು ಎಳೆದು ನೋಡುವವನು. ವಿಮಾನ ಹತ್ತಿದರೆ ಇಳಿಯುವವರೆಗೂ ಅದನ್ನು ನಾನೇ ಎತ್ತಿ ಹಿಡಿದ ಹಾಗೆ ತೋಳು ಬಿಗಿದುಕೊಂಡು ಕೂರುವವನು. ಕೋಣೆಯ ಗೆಳೆಯರು ನನಗೆ ಇಟ್ಟ ಹೆಸರು 'ಬಿಪಿ ಫ್ರಾನ್ಸಿಸ್'. ಈ ಗುಣದಿಂದ ನನಗೆ ಜೀವನದಲ್ಲಿ ಸಿಕ್ಕಿದ್ದೆಲ್ಲ ಹೊಟ್ಟೆಯ ಹುಳಿ ಮಾತ್ರ. ಒಂದೇ ಒಂದು ಸಲ ಅದು ಲಾಭಕ್ಕೆ ಬಂತು.

ನಮ್ಮ ಕಂಪೆನಿಗೆ ಆ ಬೆಟ್ಟದ ಮೇಲೆ ನೀರಿನ ಪೈಪ್ ಹಾಕುವ ಕೆಲಸವಿತ್ತು. ಅದರ ಇಂಜಿನಿಯರ್ ಗ್ರೆಗರಿ ಎಂಬ ಇಂಗ್ಲಿಷ್ ಸಾಹೇಬರು. ಸೈಕ್‌ನಲ್ಲಿ ಅವರಿಗೆ ಕಂಪೆನಿ ಮನೆ ಕೊಟ್ಟಿತ್ತು. ಚಳಿ ತಡೆಯಲಾಗದೆ ಅವರು ತಮ್ಮ ದೇಶದ ಪದ್ಧತಿಯಂತೆ ಆ ಮನೆಗೆ ಡೀಸೆಲಿನ ಬಾಯ್ಲರ್ ಹಾಕಿಸಿಕೊಂಡಿದ್ದರು. ಅದರಲ್ಲಿ ಬಿಸಿಯಾದ ನೀರು ನೆಲದಡಿಯ ಪೈಪುಗಳಲ್ಲಿ ಹರಿದು ಪ್ರತಿ ಕೋಣೆಯ ಗೋಡೆಗೆ ಹಚ್ಚಿದ ಕಬ್ಬಿಣದ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಮತ್ತೆ ಬಾಯ್ಲರಿಗೆ ಬರುತ್ತದೆ. ಅದೇ ನೀರು, ಸುತ್ತಿ ಸುತ್ತಿ ಅದೇ ನೀರು. ಆ ವರ್ಷ ಸಾಹೇಬರ ತಾಯಿಗೆ ಹುಷಾರಿಲ್ಲದೆ ಅವರು ಚಳಿಗಾಲ ಮುಗಿಯುವವರೆಗೆ ಇಂಗ್ಲೆಂಡಿಗೆ ಹೊರಟರು. ಪೈಪುಗಳು ಹೆಪ್ಪುಗಟ್ಟಿ ಒಡೆಯದಂತೆ ಮನೆಯನ್ನು ಬಿಸಿಯಾಗಿಟ್ಟು ಕಾಯಲು ಒಬ್ಬರು ಬೇಕಿತ್ತು.

ನನ್ನನ್ನು ಕರೆಸಿ ಹೇಳಿದರು, "ಫ್ರಾನ್ಸಿಸ್, ನೀನು ಎಲ್ಲದಕ್ಕೂ ಹೆದರುತ್ತೀ. ನನಗೆ ಬೇಕಾದದ್ದು ಅಂಥವನೇ."

ಸಾಹೇಬರ ಮುಂದೆ ಏನನ್ನೂ ಕೇಳುವ ಅಭ್ಯಾಸ ನನಗಿರಲಿಲ್ಲ. ಆದರೂ ಕೇಳಿಬಿಟ್ಟೆ. "ಸರ್, ವಿಸಿಟ್ ವೀಸಾದಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಬಹುದಾ? ಮನೆ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾಳೆ."

ಅವರು ಒಪ್ಪಿದರು. "ಕರೆಸು. ಆದರೆ ಬಾಯ್ಲರ್ ನಡೆಯುವವರೆಗೆ ಮಾತ್ರ. ಅದು ಕೆಟ್ಟರೆ ಪೈಪಿನ ನೀರೆಲ್ಲ ಖಾಲಿ ಮಾಡಿ, ಮನೆಗೆ ಬೀಗ ಹಾಕಿ, ಅದೇ ದಿನ ಹೆಂಡತಿಯನ್ನು ಕೆಳಗೆ ಕರೆದುಕೊಂಡು ಹೋಗು. ನನ್ನ ಮನೆಯಲ್ಲಿ ಒಬ್ಬ ಹೆಂಗಸು ಚಳಿಗೆ ಸೆಟೆದುಕೊಳ್ಳುವುದು ಬೇಡ."

ಕೆಳಗೆ ಎಂದರೆ ಎಲ್ಲಿಗೆ? ವಾದಿ ಕಬೀರಿನ ನಾಲ್ಕು ಮಂಚದ ಕೋಣೆಗೆ ಹಿಲ್ಡಾಳನ್ನು ಕರೆದೊಯ್ಯುವ ಹಾಗಿಲ್ಲ. ಕೆಳಗೆ ಎಂದರೆ ನೇರ ಏರ್ಪೋರ್ಟು, ನೇರ ಊರು. ಬಾಯ್ಲರ್ ನಡೆದರೆ ಹೆಂಡತಿ, ನಿಂತರೆ ಇಲ್ಲ. ನನಗೆ ಅರ್ಥವಾದದ್ದು ಇಷ್ಟೇ.

ಹೊರಡುವ ಮೊದಲು ಸಾಹೇಬರು ಬಾಯ್ಲರಿನ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ಬಾಯ್ಲರಿನ ಮುಖದ ಮೇಲೆ ಕೈಗಡಿಯಾರದಷ್ಟು ದೊಡ್ಡ ಒಂದು ಗಾಜು, ಒಳಗೆ ಒಂದು ಸೂಜಿ. ಅದು ಒಳಗಿನ ನೀರಿನ ಪ್ರೆಶರ್. ಸೂಜಿ ಒಂದರಿಂದ ಒಂದೂವರೆಯ ನಡುವೆ ಇರಬೇಕು. ಸೊನ್ನೆಗೆ ಇಳಿದರೆ ಬಾಯ್ಲರ್ ತಾನಾಗಿ ನಿಂತುಬಿಡುತ್ತದೆ. ಆಗ ಪಂಪು ಹಾಕಿ, ಕೆಳಗಿರುವ ಹೆಣೆದ ತಂತಿಯ ಪೈಪಿನ ಎರಡೂ ತುದಿಯ ಸಣ್ಣ ನಲ್ಲಿಗಳನ್ನು ನಿಧಾನವಾಗಿ ತಿರುಗಿಸಬೇಕು. ಹೊಸ ನೀರು ಸುರ್ರೆಂದು ಒಳಗೆ ಹೋಗುತ್ತದೆ, ಸೂಜಿ ಏರುತ್ತದೆ. ಒಂದೂವರೆಗೆ ಬಂದ ಕೂಡಲೇ ಎರಡೂ ನಲ್ಲಿ ಬಂದ್. ಮರೆತರೆ ಮೂರಕ್ಕೆ ಏರಿ ಹೊರಗಿನ ಪೈಪಿನಿಂದ ನೀರು ಕಕ್ಕುತ್ತದೆ. ಆಮೇಲೆ ರೇಡಿಯೇಟರಿನ ಮೂಲೆಯಲ್ಲಿರುವ ಸ್ಕ್ರೂವನ್ನು ಚಾವಿಯಿಂದ ಸ್ವಲ್ಪ ಸಡಿಲಿಸಿ ಒಳಗಿನ ಗಾಳಿ ಬಿಡಬೇಕು. ಉಸ್ಸೆಂದು ಗಾಳಿ ಹೋಗಿ ನೀರು ಜಿನುಗಿದ ಮೇಲೆ ಬಿಗಿದರಾಯಿತು.

"ಆದರೆ ಇದನ್ನು ಚಳಿಗಾಲಕ್ಕೆ ಒಂದು ಸಲ ಮಾಡಬೇಕಾದೀತು, ಅಷ್ಟೇ" ಎಂದರು ಸಾಹೇಬರು. "ನೀರು ಎಲ್ಲಿಗೂ ಹೋಗುವುದಿಲ್ಲ. ಮತ್ತೆ ಮತ್ತೆ ಇಳಿಯುತ್ತಿದೆ ಎಂದರೆ ನೆಲದಡಿ ಸೋರುತ್ತಿದೆ ಎಂದು ಅರ್ಥ. ಆಗ ಖಲಾಸ್. ಕಾಂಕ್ರೀಟ್ ಒಡೆಯಬೇಕು."

ಖಲಾಸ್ ಎಂಬ ಶಬ್ದವನ್ನು ಮಾತ್ರ ಅವರು ನನಗಾಗಿ ಅರಬಿಯಲ್ಲಿ ಹೇಳಿದರು. ಅದು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಹಿಲ್ಡಾ ಕ್ರಿಸ್ಮಸ್ಸಿಗೆ ಇನ್ನೂ ಕೆಲವು ದಿನ ಇರುವಾಗ ಬಂದಳು. ಪ್ರೀಮಾಳನ್ನು ಶಾಲೆಯ ಕಾರಣ ತನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ಸೀಬ್ ಏರ್ಪೋರ್ಟಿನಲ್ಲಿ ಅವಳನ್ನು ನೋಡಿದ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು, "ಸ್ವೆಟರ್ ತಂದಿದ್ದೀಯಾ?" ಅವಳು ಹೇಳಿದಳು, "ಓಯ್, ಎರಡು ವರ್ಷ ಆದ ಮೇಲೆ ಕೇಳುವ ಪ್ರಶ್ನೆಯಾ ಇದು?" ಪರ್ಮಿಟ್ ತೋರಿಸಿ, ಚೆಕ್‌ಪೋಸ್ಟ್ ದಾಟಿ, ಕಂಪೆನಿಯ ಜೀಪಿನಲ್ಲಿ ಬೆಟ್ಟ ಹತ್ತುವಾಗ ಅವಳು ಕಣ್ಣು ಮುಚ್ಚಿ ಜಪಮಾಲೆ ಹಿಡಿದಿದ್ದಳು. ನಾನೂ ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದೆ. ಅವಳದ್ದು ರಸ್ತೆಯ ಬಗ್ಗೆ, ನನ್ನದು ಬಾಯ್ಲರಿನ ಬಗ್ಗೆ.

ಆ ಮನೆಯಲ್ಲಿ ನಮ್ಮ ಸಂಸಾರ ಶುರುವಾಯಿತು. ಸಂಸಾರ ಎಂದರೆ ದೊಡ್ಡ ಮಾತು. ಬೆಳಿಗ್ಗೆ ಅವಳು ಕೊಟ್ಟ ಚಹಾ ಕುಡಿದು ನಾನು ಬೆಟ್ಟದ ಮೇಲಿನ ಸೈಟಿನ ಸ್ಟೋರಿಗೆ ಹೋಗುವುದು, ಸಂಜೆ ಬರುವುದು, ಕಿಟಕಿಯಲ್ಲಿ ದೀಪ ಕಾಣುವುದು. ಇದು ಎಲ್ಲ ಗಂಡಸರಿಗೂ ದಿನಾ ಸಿಗುವ ಸಂಗತಿ. ನನಗೆ ಆ ದೀಪ ಕಂಡಾಗಲೆಲ್ಲ ಬೇರೆಯವರ ಮನೆಗೆ ಬಂದೆನೋ ಎಂದು ಅನುಮಾನ ಆಗುತ್ತಿತ್ತು.

ಬಂದ ದಿನವೇ ನಾನು ಮನೆಯ ನಿಯಮಗಳನ್ನು ಹೇಳಿದ್ದೆ. ಬಚ್ಚಲಿನ ಕರೆಂಟಿನ ಗೀಸರ್ ಹಾಕಬಾರದು. ಅದರ ವೈರಿನ ಬಣ್ಣ ನನಗೆ ಸರಿ ಕಂಡಿರಲಿಲ್ಲ, ಪ್ಲಗ್ ಕಿತ್ತು ಅಡಿಗೆಮನೆಯ ಡಬ್ಬದಲ್ಲಿ ಇಟ್ಟಿದ್ದೆ. ಸ್ನಾನಕ್ಕೆ ಗ್ಯಾಸಿನ ಮೇಲೆ ನೀರು ಕಾಯಿಸಬೇಕು. ಹಿಲ್ಡಾ "ಆಯ್ತು ಮಾರಾಯ್ರೆ" ಎಂದಳು. ಮಾರಾಯ್ರೆ ಎಂದರೆ ಅವಳು ಅರ್ಧ ಮಾತ್ರ ಒಪ್ಪಿದ್ದಾಳೆ ಎಂದು ಹನ್ನೊಂದು ವರ್ಷದಲ್ಲಿ ನಾನು ಕಲಿಯಬೇಕಿತ್ತು. ಕಲಿಯಲು ಒಟ್ಟಿಗೆ ಇದ್ದರಲ್ಲವೇ.

ಕ್ರಿಸ್ಮಸ್ ಮುಗಿದು ಎರಡು ದಿನಕ್ಕೆ ಸೂಜಿ ಇಳಿಯಿತು.

ಸಂಜೆ ಬಂದು ನೋಡುತ್ತೇನೆ, ಸೊನ್ನೆ. ಬಾಯ್ಲರ್ ನಿಂತಿದೆ. ರೇಡಿಯೇಟರುಗಳು ಉಗುರುಬೆಚ್ಚಗೆ ಆಗಿವೆ. ಪಂಪು ಹಾಕಿದೆ, ನಲ್ಲಿ ತಿರುಗಿಸಿದೆ, ಸೂಜಿ ನಿಧಾನ ಏರಿತು. ಒಂದೂವರೆ. ಬಂದ್. ಗುಂಡಿ ಒತ್ತಿದೆ, ಬಾಯ್ಲರ್ ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಚಳಿಗಾಲಕ್ಕೆ ಒಂದು ಸಲ ಎಂದಿದ್ದರಲ್ಲ, ಆ ಒಂದು ಸಲ ಆಯಿತು ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಸಂಜೆ ಮತ್ತೆ ಸೊನ್ನೆ. ಅದರ ಮರುದಿನವೂ.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಬೆಳಿಗ್ಗೆ ಹೊರಡುವಾಗ ಒಂದೂವರೆ, ಸಂಜೆ ಬಂದರೆ ಸೊನ್ನೆ. ನೀರು ಎಲ್ಲಿ ಹೋಗುತ್ತಿದೆ? ಹಿಲ್ಡಾಳಿಗೆ ಹೇಳಲಿಲ್ಲ. ಬಂದಿರುವುದೇ ಸ್ವಲ್ಪ ದಿನಕ್ಕೆ, ಅದರಲ್ಲಿ ಅವಳಿಗೆ ಯಾಕೆ ಈ ಚಿಂತೆ, ಇಬ್ಬರ ಪಾಲಿನದನ್ನೂ ನಾನೇ ಮಾಡಿದರಾಯಿತು ಎಂದುಕೊಂಡೆ. ಬಂದವನೇ ಶೂ ಕೂಡ ಬಿಚ್ಚದೆ ಟಾರ್ಚ್ ಹಿಡಿದು ಬಾಯ್ಲರಿನ ಕೋಣೆಗೆ ಹೋಗುತ್ತಿದ್ದೆ. ಹಿಲ್ಡಾ ಬಾಗಿಲಲ್ಲಿ ನಿಂತು ಕೇಳುವಳು, "ತುಂಬಿಸ್ಲಿಕ್ಕೆ ಹೊರಟ್ರಾ?" ನಾನು "ಹೂಂ, ಹೂಂ" ಎನ್ನುವೆ. ಅವಳ ಮುಖದಲ್ಲಿ ಒಂದು ನಗು ಇರುತ್ತಿತ್ತು. ನನ್ನ ಅವಸರ ನೋಡಿ ನಗುತ್ತಾಳೆ ಎಂದುಕೊಂಡೆ.

ಸ್ಟೋರಿನ ಫೋನಿನಿಂದ ಸದಾನಂದನಿಗೆ ಫೋನ್ ಮಾಡಿದೆ. ಅವನು ನನ್ನ ಕೋಣೆಯ ಜೊತೆಗಾರ, ವಾದಿ ಕಬೀರಿನಲ್ಲಿ ಏಸಿ ರಿಪೇರಿಯ ಕೆಲಸ.

"ಫ್ರಾನ್ಸಿಸಣ್ಣ, ನಾನು ತಂಪು ಮಾಡುವವ ಮಾರಾಯ್ರೆ. ಬಿಸಿ ಮಾಡ್ಲಿಕ್ಕೆ ಅತ್ತಿಗೆ ಬಂದಿದ್ದಾರಲ್ಲ" ಎಂದು ನಕ್ಕ.

"ತಮಾಷೆ ಸಾಕು ಮಾರಾಯಾ. ದಿನಾ ನೀರು ಕಡಿಮೆ ಆಗ್ತದೆ."

"ಹಾಗಾದ್ರೆ ಸೋರ್ತದೆ. ಎಲ್ಲಿ ಅಂತ ನೋಡಿ. ಗೋಡೆಯ ಬುಡದಲ್ಲಿ ಪೌಡರ್ ಹಾಕಿ ಬಿಡಿ. ಒದ್ದೆ ಆದಲ್ಲಿ ಗೊತ್ತಾಗ್ತದೆ."

ಹಿಲ್ಡಾ ಊರಿನಿಂದ ತಂದಿದ್ದ ಮುಖದ ಪೌಡರಿನ ಡಬ್ಬ ಅರ್ಧ ಖಾಲಿಯಾಯಿತು. ಎಲ್ಲಿಯೂ ಒದ್ದೆ ಇಲ್ಲ. ಹಾಗಾದರೆ ನೆಲದ ಕೆಳಗೇ ಇರಬೇಕು ಎಂದು ಒಂದು ಸಂಜೆ ಹಾಲಿನ ಕಾರ್ಪೆಟ್ ಮಡಚಿ, ಮೊಣಕಾಲೂರಿ, ನೆಲಕ್ಕೆ ಕಿವಿ ಹಚ್ಚಿ ಬಗ್ಗಿದ್ದೆ. ಹಿಲ್ಡಾ ಒಳಗಿನಿಂದ ಬಂದವಳು ಹಾಗೇ ನಿಂತಳು.

"ಎಂತ, ಭೂಮಿಯ ಹೊಟ್ಟೆಯಲ್ಲಿ ಮಗು ಒದೀತದಾ?"

"ಇಲ್ಲ, ಕಾರ್ಪೆಟಿನ ಅಡಿಯಲ್ಲಿ ಧೂಳು ಉಂಟಾ ಅಂತ..."

"ಕಿವಿಯಲ್ಲಿ ಧೂಳು ನೋಡುವವರನ್ನು ಇವತ್ತೇ ಕಂಡದ್ದು" ಎಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಎರಡು ಸ್ವೆಟರ್, ತಲೆಗೆ ಮಫ್ಲರ್, ಕಾಲಿಗೆ ನನ್ನ ಸಾಕ್ಸ್. "ಮಧ್ಯಾಹ್ನದ ಮೇಲೆ ಮನೆ ಸ್ವಲ್ಪ ತಂಪಾಗ್ತದೆ ನೋಡಿ. ನೀವು ಬಂದ ಮೇಲೆ ಮತ್ತೆ ಬೆಚ್ಚಗೆ. ನೀವು ಬಂದ್ರೆ ಮನೆಯೇ ಬಿಸಿಯಾಗ್ತದೆ."

ಹನ್ನೊಂದು ವರ್ಷದಲ್ಲಿ ಅವಳು ನನಗೆ ಹೇಳಿದ ಅತಿ ಸಿಹಿಯಾದ ಮಾತು ಅದೇ ಇರಬೇಕು. ಆಗ ನನ್ನ ತಲೆಗೆ ಹೋದದ್ದು ಇಷ್ಟು: ಮಧ್ಯಾಹ್ನಕ್ಕೇ ತಂಪಾಗುತ್ತದಾ? ಹಾಗಾದರೆ ಸೋರುವುದು ಜೋರಾಗಿದೆ.

ಇನ್ನೊಂದು ವಿಚಿತ್ರವೆಂದರೆ ಶುಕ್ರವಾರ ಸೂಜಿ ಇಳಿಯುತ್ತಿರಲಿಲ್ಲ. ಶುಕ್ರವಾರ ನನಗೆ ರಜೆ. ಆ ದಿನ ಸ್ನಾನಕ್ಕೆ ಇಬ್ಬರಿಗೂ ಗ್ಯಾಸಿನ ಮೇಲೆ ನೀರು ಕಾಯಿಸುವುದು ನನ್ನ ಪಾಲಿನ ಕೆಲಸ ಎಂದು ನಾನೇ ಇಟ್ಟುಕೊಂಡಿದ್ದೆ. ಅದು ಮುಗಿಸಿ ಬಾಯ್ಲರಿನ ಎದುರು ಸ್ಟೂಲು ಹಾಕಿ ಕೂರುತ್ತಿದ್ದೆ. ಸೂಜಿ ಒಂದೂವರೆಯಲ್ಲಿ ಸಾಧುವಿನ ಹಾಗೆ ನಿಂತಿರುತ್ತಿತ್ತು. ಡಾಕ್ಟರರನ್ನು ಕಂಡ ಕೂಡಲೇ ಜ್ವರ ಇಳಿಯುವ ಮಕ್ಕಳ ಹಾಗೆ ಇದಕ್ಕೂ ನನ್ನ ಹೆದರಿಕೆ ಎಂದುಕೊಂಡೆ. ಇಷ್ಟು ಸುಳಿವು ಸಿಕ್ಕಿಯೂ ನನಗೆ ಹೊಳೆಯಲಿಲ್ಲ. ಚಿಂತೆ ಮಾಡುವವರು ಬಹಳ ಯೋಚನೆ ಮಾಡುತ್ತಾರೆ ಎಂದು ಜನ ತಿಳಿದಿದ್ದಾರೆ. ನಾವು ಯೋಚನೆಯನ್ನೇ ಮಾಡುವುದಿಲ್ಲ, ಚಿಂತೆ ಮಾತ್ರ ಮಾಡುತ್ತೇವೆ.

ಜನವರಿಯ ನಡುವೆ ಒಂದು ಬೆಳಿಗ್ಗೆ ಸೈಟಿನಲ್ಲಿ ಆಲಿಕಲ್ಲು ಬಿತ್ತು. ಕೆಲಸ ನಿಂತಿತು. ನಮ್ಮ ಯಾರ್ಡಿನ ಕಾವಲುಗಾರ ಸೈಫ್, ಅಲ್ಲಿಯದೇ ಊರಿನ ಮುದುಕ, ತನ್ನ ಪಿಕಪ್ಪಿನಲ್ಲಿ ನನ್ನನ್ನು ಮನೆಗೆ ಬಿಡಲು ಹೊರಟ. ಅವನ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು.

"ಫ್ರಾನ್ಸಿಸ್, ಹೆಂಡತಿ ಊರಿನಲ್ಲಿದ್ದಾಗ ನಿನ್ನ ಮುಖ ಹೀಗೇ ಇತ್ತು. ಹೆಂಡತಿ ಬಂದ ಮೇಲೂ ಹೀಗೇ ಇದೆ. ಮತ್ತೆ ಅವಳನ್ನು ಯಾಕೆ ಕರೆಸಿದ್ದು?"

ಅವನೇ ನಕ್ಕು, "ಯಲ್ಲಾ, ನಡಿ, ಇಳಿ. ಇವತ್ತು ಬೇಗ ಬಂದಿದ್ದೀ, ಖುಷಿ ಪಡುತ್ತಾಳೆ" ಎಂದು ಬಿಟ್ಟು ಹೋದ.

ಬಾಗಿಲು ತೆರೆದು ಒಳಗೆ ಬಂದೆ. ಬಚ್ಚಲಿನಿಂದ ಹಬೆ ಬರುತ್ತಿತ್ತು. ಬೆಂಕಿ ಬಿದ್ದಿದೆ ಎಂದೇ ಓಡಿದೆ. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಹಿಲ್ಡಾ ಗೋಡೆಯ ರೇಡಿಯೇಟರಿನ ಪಕ್ಕ ಮಣೆ ಹಾಕಿ ಕೂತಿದ್ದಾಳೆ, ಕೂದಲಿಗೆ ಎಣ್ಣೆ ಹಚ್ಚಿ ಗಂಟು ಕಟ್ಟಿದ್ದಾಳೆ. ರೇಡಿಯೇಟರಿನ ಬುಡದಲ್ಲಿ, ಇಡೀ ಮನೆಯ ನೀರು ಖಾಲಿ ಮಾಡಲು ಇಟ್ಟ ನಲ್ಲಿಗೆ ಒಂದು ತುಂಡು ಪೈಪ್ ಸಿಕ್ಕಿಸಿದೆ. ಪೈಪಿನ ಬಾಯಿ ಬಕೆಟಿನಲ್ಲಿ. ಬಕೆಟ್ ತುಂಬ ಕುದಿಯುವಂಥ ನೀರು. ಅವಳು ಹಾಡು ಗುನುಗುತ್ತಿದ್ದಳು.

"ಅಯ್ಯೋ ದೇವರೇ! ಏನು ಮಾಡ್ತಾ ಇದ್ದೀ?"

ಅವಳು ಬೆಚ್ಚಿ ತಿರುಗಿ, ನನ್ನನ್ನು ನೋಡಿ ನಕ್ಕಳು. "ಹೆದರಿಸಿಯೇ ಬಿಟ್ರಲ್ಲ! ಸ್ನಾನಕ್ಕೆ ನೀರು ತೆಗೀತಾ ಇದ್ದೇನೆ, ಮತ್ತೆಂತ?"

"ಅದರಿಂದ? ದಿನಾ?"

"ಮೊದಲಿಗೆ ಕಪ್ಪು ನೀರು ಬರ್ತಿತ್ತು. ನಮ್ಮ ಹೊಸ ಬೋರಿನಲ್ಲಿ ಬಂದಿತ್ತಲ್ಲ, ಹಾಗೆ. ಅದನ್ನು ಚೆಲ್ಲಿದೆ. ಈಗ ನೋಡಿ, ಎಷ್ಟು ಚಂದ ಉಂಟು. ಒಂದು ಬಕೆಟಿಗೆ ಒಂದು ಬಕೆಟ್ ತಣ್ಣೀರು ಸೇರಿಸಿದ್ರೆ ತಲೆಗೆ ಸಾಕು. ಇಷ್ಟು ಬಿಸಿ ನೀರು ಮನೆಯಿಡೀ ಸುಮ್ಮನೆ ಸುತ್ತುವಾಗ ಗ್ಯಾಸ್ ಯಾಕೆ ಸುಡುವುದು?"

ನಮ್ಮ ಕಡೆಯ ಬಚ್ಚಲು ಕಂಡವರಿಗೆ ಅವಳ ಲೆಕ್ಕ ಅರ್ಥವಾಗುತ್ತದೆ. ಒಲೆಯ ಮೇಲೆ ಕೂರಿಸಿದ ದೊಡ್ಡ ತಾಮ್ರದ ಹಂಡೆ, ನಮ್ಮ ಕೊಂಕಣಿಯಲ್ಲಿ ಭಾಣ್ ಎನ್ನುತ್ತೇವೆ. ಬಿಸಿ ನೀರು ಇರುವುದೇ ಸ್ನಾನಕ್ಕೆ. ನೀರು ತೆಗೆದವರು ಅಷ್ಟೇ ನೀರನ್ನು ಮತ್ತೆ ತುಂಬಿಸಬೇಕು, ಭಾಣ್ ಖಾಲಿ ಬಿಡಬಾರದು. ಅದನ್ನು ಬಿಟ್ಟರೆ ಬೇರೆ ನಿಯಮ ಇಲ್ಲ. ಸ್ನಾನ ಮಾಡದೆ, ಮುಟ್ಟದೆ, ಬರೇ ಸುತ್ತುತ್ತಾ ಇರುವ ಬಿಸಿ ನೀರು ಎಂಬುದು ಲೋಕದಲ್ಲಿ ಇರಬಹುದು ಎಂದು ಅವಳಿಗೆ ಹೇಗೆ ತೋಚಬೇಕು?

ನನಗೆ ಆಗ ಇದೆಲ್ಲ ತೋಚಲಿಲ್ಲ. ಮೂರು ವಾರದ ಹೆದರಿಕೆ ಒಮ್ಮೆಲೇ ಬಾಯಿಗೆ ಬಂತು. "ಅದು ಸ್ನಾನದ ನೀರಲ್ಲ ಮಾರಾಯ್ತಿ! ನೀನು ಬಕೆಟ್ ಹಿಡಿದ ಕೂಡಲೇ ಸೂಜಿ ಸೊನ್ನೆಗೆ ಬರ್ತದೆ, ಬಾಯ್ಲರ್ ನಿಲ್ತದೆ! ನಾನು ಇಲ್ಲಿ ನೆಲ ಒಡೆಯಬೇಕು ಅಂತ..."

"ನಿಮಗೆ ಗೊತ್ತಿತ್ತಲ್ಲ?" ಎಂದಳು ಅವಳು.

"ಏನು ಗೊತ್ತಿತ್ತು?"

"ನಾನು ತೆಗೆಯುವುದು. ದಿನಾ ಸಂಜೆ ಬಂದು ತುಂಬಿಸ್ತೀರಲ್ಲ. ಶೂ ಸಹ ಬಿಚ್ಚುವುದಿಲ್ಲ."

ನಾನು ನನ್ನ ಕಾಲು ನೋಡಿಕೊಂಡೆ, ಆಗಲೂ ಶೂ ಬಿಚ್ಚಿರಲಿಲ್ಲ.

"ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ನನ್ನ ಸ್ನಾನ" ಎಂದಳು ಹಿಲ್ಡಾ, ಬಕೆಟಿನ ನೀರನ್ನು ನೋಡುತ್ತಾ. "ಮಾವನದ್ದು, ಅತ್ತೆಯದ್ದು, ಪ್ರೀಮಾಳದ್ದು. ಮತ್ತೆ ಬಾವಿಯಿಂದ ಎಳೆದು ಭಾಣ್ ತುಂಬಿಸುವುದೂ ನಾನೇ. ಹನ್ನೊಂದು ವರ್ಷ. ನನಗೆ ಅಂತ ಯಾರು ತುಂಬಿಸಿ ಇಟ್ಟಿದ್ದಾರೆ? ಇಲ್ಲಿ ಬಂದು ನೋಡಿದ್ರೆ, ಹೇಳದೆ ಕೇಳದೆ ನೀವು ದಿನಾ... ಅಕ್ಕನಿಗೆ ಫೋನಿನಲ್ಲಿಯೂ ಹೇಳಿದೆ." ನನ್ನ ಕಡೆ ತಿರುಗಿ ಕೇಳಿದಳು, "ಮತ್ತೆ ಯಾರಿಗೆ ತುಂಬಿಸ್ತಾ ಇದ್ರಿ?"

'ನಿನಗೇ' ಎಂದು ಹೇಳಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಅವಳು ಹೋಗಬಾರದು ಎಂದೇ ಅಲ್ಲವೇ ನಾನು ತುಂಬಿಸುತ್ತಿದ್ದದ್ದು. ಆದರೆ ನನ್ನ ಬಾಯಿ ನನ್ನ ಹಾಗೆಯೇ ಇದೆ.

"ಬಾಯ್ಲರಿಗೆ" ಎಂದೆ.

"ಓ. ಬಾಯ್ಲರಿಗಾ" ಎಂದಳು. ಬಗ್ಗಿ ನಲ್ಲಿ ತಿರುಗಿಸಿ ಬಂದ್ ಮಾಡಿದಳು. ಪೈಪನ್ನು ಸುತ್ತಿ ಮೂಲೆಯಲ್ಲಿಟ್ಟಳು.

ಸಾಹೇಬರ ಷರತ್ತನ್ನು ಆ ದಿನ ಅವಳಿಗೆ ಹೇಳಿದೆ. ಬಾಯ್ಲರ್ ನಿಂತರೆ ನೀನು ಊರಿಗೆ ಹೋಗಬೇಕಾಗುತ್ತದೆ, ಅದಕ್ಕೇ ಈ ಒದ್ದಾಟ ಎಂದೆ. ಅವಳು ಎಲ್ಲ ಕೇಳಿ, "ಹೇಳಿದ್ರೆ ನಾನು ಮುಟ್ಟುತ್ತಲೇ ಇರಲಿಲ್ಲ" ಎಂದಳು. ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ಮರುದಿನದಿಂದ ಗ್ಯಾಸಿನ ಮೇಲೆ ನೀರು ಕಾಯಿಸಿಕೊಂಡಳು.

ಸೂಜಿ ಒಂದೂವರೆಯಲ್ಲಿ ನಿಂತಿತು. ಸೋಮವಾರ ಒಂದೂವರೆ, ಮಂಗಳವಾರ ಒಂದೂವರೆ. ಸಂಜೆ ಬಂದರೆ ಮನೆ ಮೂಲೆ ಮೂಲೆಯೂ ಬೆಚ್ಚಗೆ. ನಾನು ಬಾಗಿಲಲ್ಲಿ ಕೂತು ಶೂ ಬಿಚ್ಚುತ್ತಿದ್ದೆ, ಮಾಡಲು ಬೇರೇನೂ ಇರಲಿಲ್ಲ. "ತುಂಬಿಸ್ಲಿಕ್ಕೆ ಹೊರಟ್ರಾ?" ಎಂದು ಯಾರೂ ಕೇಳುತ್ತಿರಲಿಲ್ಲ. ಹಿಲ್ಡಾ ಚಹಾ ಕೊಡುತ್ತಿದ್ದಳು, ಸೈಟಿನ ಸುದ್ದಿ ಕೇಳುತ್ತಿದ್ದಳು, ಎಲ್ಲವೂ ಮೊದಲಿನ ಹಾಗೆಯೇ. ಆದರೆ ಅವಳು ಈಗ ಗ್ರೆಗರಿ ಸಾಹೇಬರ ಮನೆಯಲ್ಲಿ ಅತಿಥಿಯ ಹಾಗೆ ಇದ್ದಳು. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಲೋಟ ಇಡುವಾಗ ಮೇಜು ಒರೆಸುತ್ತಿದ್ದಳು. ಅವಳು ಅಲ್ಲಿ ಇರುವಾಗಲೇ ನನಗೆ ಅವಳ ನೆನಪಾಗುತ್ತಿತ್ತು. ಎದುರಿಗೆ ಕೂತವಳಿಗಾಗಿ ಹಂಬಲಿಸುವುದು ವಾದಿ ಕಬೀರಿನ ಮಂಚದ ಮೇಲೆ ಬಿದ್ದು ಹಂಬಲಿಸುವುದಕ್ಕಿಂತ ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಅವಳು ಅಡಿಗೆಮನೆಯಲ್ಲಿದ್ದಾಗ ನಾನು ಬಚ್ಚಲಿಗೆ ಹೋದೆ. ಪೈಪ್ ಸಿಕ್ಕಿಸಿದೆ, ನಲ್ಲಿ ತಿರುಗಿಸಿದೆ. ಹೊಸ ನೀರು ಮತ್ತೆ ಮತ್ತೆ ಹೋದರೆ ಒಳಗೆ ತುಕ್ಕು ಹಿಡಿಯುತ್ತದೆ ಎಂದು ಸಾಹೇಬರು ಹೇಳಿದ್ದು ನೆನಪಿತ್ತು. ತುಕ್ಕು ಹಿಡಿದರೆ ಏನಾಗುತ್ತದೆ, ಅದರಿಂದ ಮುಂದೆ ಏನಾಗುತ್ತದೆ ಎಂದು ನನ್ನ ತಲೆ ಎಂದಿನಂತೆ ಓಡತೊಡಗಿತ್ತು. ಓಡಲಿ ಎಂದು ಬಿಟ್ಟೆ. ಬಕೆಟ್ ತುಂಬಿತು. ಮಣೆಯ ಪಕ್ಕ ಇಟ್ಟು, ಆರದಂತೆ ತಟ್ಟೆ ಮುಚ್ಚಿ, ಏನೂ ಹೇಳದೆ ಸೈಟಿಗೆ ಹೊರಟುಬಿಟ್ಟೆ.

ದಿನವಿಡೀ ಸ್ಟೋರಿನಲ್ಲಿ ನಾನು ಯಾರಿಗೆ ಯಾವ ಪೈಪ್ ಕೊಟ್ಟೆನೋ ದೇವರಿಗೇ ಗೊತ್ತು.

ಸಂಜೆ ಬಂದಾಗ ಹಿಲ್ಡಾ ಬಾಗಿಲಲ್ಲೇ ನಿಂತಿದ್ದಳು. ಕೂದಲು ಬಿಚ್ಚಿ ಹರಡಿಕೊಂಡಿದ್ದಳು, ಕೈಯಲ್ಲಿ ಟಾರ್ಚ್ ಇತ್ತು. ಮನೆ ಆಗಲೇ ತಣ್ಣಗಾಗತೊಡಗಿತ್ತು.

"ಬಾಯ್ಲರಿಗೆ ಬಾಯಾರಿಕೆ ಆಗಿದೆಯಂತೆ" ಎಂದಳು.

"ಶೂ ಬಿಚ್ಚಲಾ?"

"ಬೇಡ. ಮೊದಲು ತುಂಬಿಸುವಾ."

ಅವಳು ಟಾರ್ಚ್ ಹಿಡಿದಳು, ನಾನು ನಲ್ಲಿ ತಿರುಗಿಸಿದೆ. ನೀರು ಸುರ್ರೆಂದಿತು. ಸೂಜಿ ಏರುವುದನ್ನು ಇಬ್ಬರೂ ಬಗ್ಗಿ ನೋಡಿದೆವು. ಒಂದೂವರೆಗೆ ಬಂದ ಕೂಡಲೇ ಅವಳು "ಸಾಕು, ಸಾಕು" ಎಂದು ನನ್ನ ಭುಜ ಹಿಡಿದಳು. ಬಾಯ್ಲರ್ ಕೆಮ್ಮಿ ಹತ್ತಿಕೊಂಡಿತು. ಆಮೇಲೆ ಚಾವಿ ಹಿಡಿದು ಕೋಣೆ ಕೋಣೆಗೆ ಹೋಗಿ ರೇಡಿಯೇಟರಿನ ಗಾಳಿ ಬಿಟ್ಟೆವು. ಒಂದೊಂದು ಉಸ್ಸೆಂದಾಗಲೂ ಅವಳು, "ಇದು ಅತ್ತೆಯ ಹಾಗೆ", "ಇದು ನಿಮ್ಮ ಹಾಗೆ" ಎನ್ನುತ್ತಿದ್ದಳು.

ಅಲ್ಲಿಂದ ಅವಳ ವೀಸಾ ಮುಗಿಯುವವರೆಗೂ ಅದೇ ನಡೆಯಿತು. ಬೆಳಿಗ್ಗೆ ನಾನು ಒಂದು ಬಕೆಟ್ ತೆಗೆದಿಡುವುದು, ಸಂಜೆ ಇಬ್ಬರೂ ಸೇರಿ ತುಂಬಿಸುವುದು. ಬಾಯ್ಲರ್ ದಿನಾ ನಿಂತಿತು, ದಿನಾ ಹತ್ತಿಕೊಂಡಿತು. ಸಾಹೇಬರ ಷರತ್ತಿನ ಪ್ರಕಾರ ನಾನು ಅವಳನ್ನು ದಿನಕ್ಕೊಮ್ಮೆ ಊರಿಗೆ ಕಳಿಸಬೇಕಿತ್ತು.

ಮಾರ್ಚ್ ತಿಂಗಳಿನಲ್ಲಿ ಅವಳು ಹೊರಟಳು. ಪ್ರೀಮಾಳ ಪರೀಕ್ಷೆ ಹತ್ತಿರವಿತ್ತು. ಏರ್ಪೋರ್ಟಿನಲ್ಲಿ ಒಳಗೆ ಹೋಗುವ ಮೊದಲು ತಿರುಗಿ, "ಇವತ್ತು ಅವಸರದಲ್ಲಿ ಸ್ನಾನ ಮಾಡಲಿಲ್ಲ ನಾನು" ಎಂದಳು. ಅಷ್ಟರಲ್ಲಿ ಸಾಲು ಮುಂದೆ ಹೋಯಿತು. ಆ ರಾತ್ರಿ ವಾದಿ ಕಬೀರಿನಲ್ಲಿ ಉಳಿದು, ಮರುದಿನ ಮಧ್ಯಾಹ್ನ ಬೆಟ್ಟದ ಮನೆಗೆ ಹೋದೆ. ಬಾಗಿಲು ತೆಗೆದು, ಅಭ್ಯಾಸದಂತೆ ಶೂ ಬಿಚ್ಚದೆ, ಟಾರ್ಚ್ ಹಿಡಿದು ಬಾಯ್ಲರಿನ ಕೋಣೆಗೆ ನಡೆದೆ.

ಸೂಜಿ ಒಂದೂವರೆಯಲ್ಲಿತ್ತು. ಬೆರಳಿನಿಂದ ಗಾಜನ್ನು ತಟ್ಟಿ ನೋಡಿದೆ. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಇದೇ ಸೂಜಿ ಇಳಿಯದಿರಲಿ ಎಂದು ಮೂರು ವಾರ ಮೊಣಕಾಲೂರಿ ಬೇಡಿದವನು ನಾನು. ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮನೆ ಬಹಳ ಬೆಚ್ಚಗಿತ್ತು.

ಒಂದೆರಡು ದಿನದಲ್ಲಿ ಗ್ರೆಗರಿ ಸಾಹೇಬರು ಬಂದರು. ಕೋಟು ತೆಗೆಯದೆ ಮೊದಲು ಬಾಯ್ಲರಿನ ಕೋಣೆಗೇ ಹೋದರು, ಟಾರ್ಚ್ ಹಾಕಿ ಗಾಜು ನೋಡಿದರು. ನನ್ನ ಬೆನ್ನು ತಟ್ಟಿ ಹೇಳಿದರು, "ಒಂದು ಹನಿಯೂ ಕಡಿಮೆಯಾಗಿಲ್ಲ ಫ್ರಾನ್ಸಿಸ್. ನಾನು ಬಿಟ್ಟುಹೋದ ಹಾಗೆಯೇ ಇದೆ. ಬಹಳ ಚೆನ್ನಾಗಿ ನೋಡಿಕೊಂಡಿದ್ದೀ."

"ಯೆಸ್ ಸರ್" ಎಂದೆ. ನಡೆದದ್ದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅವರ ತೋಳಿನ ಮೇಲೆ ಕಪ್ಪು ಪಟ್ಟಿ ಕಂಡಿತು. ತಾಯಿ ತೀರಿಕೊಂಡಿದ್ದರು. ನಾನು ಚಾವಿ ಕೊಟ್ಟು, ಚಹಾ ಮಾಡಿ ಕೊಟ್ಟು ಬಂದೆ.

ಈಗ ನನಗೆ ಐವತ್ತರ ಹತ್ತಿರ. ಮಸ್ಕತ್‌ನಲ್ಲೇ ಇದ್ದೇನೆ, ಅದೇ ಹುದ್ದೆ, ಅದೇ ರಜೆ. ಚಿಂತೆಯೂ ಬಿಟ್ಟು ಹೋಗಿಲ್ಲ. ಆದರೆ ಕೆಲಸದಲ್ಲಿ ಯಾರಾದರೂ 'ಏನೂ ಕಡಿಮೆಯಾಗಿಲ್ಲ, ಎಲ್ಲ ಇದ್ದ ಹಾಗೆಯೇ ಇದೆ' ಎಂದು ಹೊಗಳಿದರೆ ಸಾಕು, ಉಳಿದವರಿಗೆ ಸಂತೋಷವಾಗುವ ಕಡೆ ನನಗೆ ಮೈಯೊಳಗೆ ಚಳಿ ಹತ್ತುತ್ತದೆ. ಆ ಬೆಚ್ಚಗಿನ ಮನೆಯಲ್ಲಿ ಸ್ಟೂಲಿನ ಮೇಲೆ ಒಬ್ಬನೇ ಕೂತ ಮಧ್ಯಾಹ್ನದಷ್ಟು ಚಳಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.